ಜೋಧಪುರದ ಕಲ್ಲಿನ ಪರದೆ

ರಾಜಸ್ಥಾನ ಎಂದೊಡನೆ ನಮ್ಮ ಕಡೆಯ ಮಕ್ಕಳಿಗೆ ನೆನಪಾಗುವುದು ಮರಳು, ಒಂಟೆ, ಬಣ್ಣದ ಮುಂಡಾಸು. ಆದರೆ ಜೋಧಪುರಕ್ಕೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಕಲ್ಲು. ಊರ ನಡುವೆ ಕಡಿದಾದ ಒಂದು ಗುಡ್ಡ. ಗುಡ್ಡ ಎಲ್ಲಿ ಮುಗಿಯಿತು, ಕಟ್ಟಡ ಎಲ್ಲಿ ಶುರುವಾಯಿತು ಎಂದು ತಿಳಿಯದ ಹಾಗೆ ಅದರ ಮೇಲೆ ಮೆಹರಾನ್‌ಗಢ ಕೋಟೆ. 1459ರಲ್ಲಿ ರಾವ್ ಜೋಧಾ ಇದಕ್ಕೆ ಅಡಿಪಾಯ ಹಾಕಿದ. ಕೋಟೆ ನಿಂತಿರುವುದು ರಯೋಲೈಟ್ ಎಂಬ ಜ್ವಾಲಾಮುಖಿ ಶಿಲೆಯ ಮೇಲೆ. ಅದರ ವಯಸ್ಸು ಸುಮಾರು 75 ಕೋಟಿ ವರ್ಷ. ಆ ಶಿಲೆಯ ಮೇಲೆ ಎಷ್ಟೋ ಕಾಲದ ನಂತರ ಮರಳು ಪದರಪದರವಾಗಿ ಕೂತು ಗಟ್ಟಿಯಾದದ್ದೇ ಜೋಧಪುರದ ಪ್ರಸಿದ್ಧ ಮರಳುಗಲ್ಲು. ಕೋಟೆ, ಅರಮನೆ, ಬಾವಿ, ಅಂಗಡಿ, ಮನೆ ಎಲ್ಲಕ್ಕೂ ಅದೇ ಕಲ್ಲು.

ಕೋಟೆಯ ಕೆಳಗೆ, ಘಂಟಾಘರ್ ಎಂಬ ಗಡಿಯಾರದ ಗೋಪುರದಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ, ಆಟೋ ಮಾತ್ರ ನುಗ್ಗಬಲ್ಲ ಗಲ್ಲಿಯೊಂದರಲ್ಲಿ ರಾಸ್ ಎಂಬ ಹೋಟೆಲಿದೆ. ಒಂದೂವರೆ ಎಕರೆ ಜಾಗ, ಬರೀ 39 ಕೋಣೆ. ಇಂಥದ್ದನ್ನು ಈಗ ಬೂಟೀಕ್ ಹೋಟೆಲ್ ಎನ್ನುತ್ತಾರೆ. ನೂರಾರು ಕೋಣೆಗಳಿದ್ದು ಯಾವ ದೇಶಕ್ಕೆ ಹೋದರೂ ಒಂದೇ ಥರ ಕಾಣುವ ದೊಡ್ಡ ಹೋಟೆಲುಗಳಿಗೆ ಬದಲಾಗಿ, ಕೋಣೆ ಕಡಿಮೆ, ಚಹರೆ ತನ್ನದೇ ಆದ ಹೋಟೆಲು ಎಂದು ಅರ್ಥ ಮಾಡಿಕೊಂಡರೆ ಸಾಕು. ಇಲ್ಲಿನ ಒಂದು ರಾತ್ರಿಯ ಬಾಡಿಗೆ ನಮ್ಮಂಥ ಮೇಷ್ಟ್ರುಗಳ ಸಂಬಳದಲ್ಲಿ ದೊಡ್ಡ ಪಾಲನ್ನೇ ನುಂಗುವಂಥದ್ದು. ಒಂಬತ್ತನೆಯ ತರಗತಿಯ ಮಕ್ಕಳನ್ನೂ ಕೆಲವು ಪಾಲಕರನ್ನೂ ಕರೆದುಕೊಂಡು ಹೋಗಿದ್ದ ನಾನು ಉಳಿದದ್ದು ರೈಲು ನಿಲ್ದಾಣದ ಬಳಿಯ ಧರ್ಮಶಾಲೆಯಲ್ಲಿ. ಹಾಗಿದ್ದೂ ಈ ಹೋಟೆಲಿನ ಬಗ್ಗೆ ಬರೆಯುತ್ತಿರುವುದಕ್ಕೆ ಕಾರಣ ಅದರ ಗೋಡೆ.

ಈ ಆವರಣದಲ್ಲಿ ಹದಿನೇಳು, ಹದಿನೆಂಟನೆಯ ಶತಮಾನದ ಕೆಲವು ಕಟ್ಟಡಗಳಿದ್ದವು. ಅವನ್ನು ಕೆಡವದೆ, ಸುಣ್ಣದ ಗಾರೆ ಬಳಸಿ, ಹಳೆಯ ಕಮಾನು ಕಂಬಗಳನ್ನು ಹಾಗೇ ಉಳಿಸಿ ದುರಸ್ತಿ ಮಾಡಿದರು. ಪಕ್ಕದಲ್ಲಿ ಹೊಸ ಕಟ್ಟಡಗಳನ್ನು ಕಟ್ಟಿದರು. ಹೊಸದರ ಮೇಲೆ ಸಿಮೆಂಟಿನ ಗುಮ್ಮಟವಿಲ್ಲ, ಸುಳ್ಳು ಛತ್ರಿಗಳಿಲ್ಲ. ನಮ್ಮ ಕಲ್ಯಾಣ ಮಂಟಪಗಳ ಮುಂದೆ ಹಂಪಿಯ ಕಂಬಗಳನ್ನು ಪ್ಲಾಸ್ಟರಿನಲ್ಲಿ ನಿಲ್ಲಿಸುತ್ತಾರಲ್ಲ, ಆ ಚಪಲ ಇಲ್ಲಿ ಕಾಣುವುದಿಲ್ಲ. ಹಳೆಯದು ಹಳೆಯದಾಗಿಯೇ, ಹೊಸದು ಹೊಸದಾಗಿಯೇ ನಿಂತಿವೆ. ಎರಡನ್ನೂ ಬೆಸೆಯುವುದು ಅದೇ ಕೆಂಪು ಕಲ್ಲು. ಲೋಟಸ್ ಮತ್ತು ಪ್ರಾಕ್ಸಿಸ್ ಎಂಬ ಎರಡು ವಾಸ್ತುಶಿಲ್ಪ ಸಂಸ್ಥೆಗಳು ಸೇರಿ ಮಾಡಿದ ಈ ವಿನ್ಯಾಸಕ್ಕೆ 2011ರ ವಿಶ್ವ ವಾಸ್ತುಶಿಲ್ಪ ಉತ್ಸವದಲ್ಲಿ ವಿಹಾರ ಕಟ್ಟಡಗಳ ವಿಭಾಗದ ಪ್ರಶಸ್ತಿ ಬಂತು.

ಹೊಸ ಕಟ್ಟಡಗಳಿಗೆ ಎರಡು ಚರ್ಮ. ಒಳಗೆ ಕೋಣೆಯ ಗೋಡೆ ಮತ್ತು ಗಾಜು. ಅದರ ಮುಂದೆ ಮೊಗಸಾಲೆ. ಎಲ್ಲಕ್ಕಿಂತ ಹೊರಗೆ ಕಲ್ಲಿನಲ್ಲಿ ಕೊರೆದ ಜಾಲರಿ. ಅಲ್ಲಿಯವರು ಇದನ್ನು ಜಾಲಿ ಎನ್ನುತ್ತಾರೆ. (ಜಾಲಿ ಎಂದರೆ ನಮಗೆ ಮುಳ್ಳಿನ ಮರ. ನಮ್ಮ ಮಕ್ಕಳು ಇಡೀ ದಿನ ಇದೇ ಮಾತು ಹಿಡಿದು ನಗುತ್ತಿದ್ದರು.) ನಮ್ಮಲ್ಲಿ ಇದಕ್ಕೆ ಜಾಲಂಧ್ರ ಎಂಬ ಚೆಂದದ ಹೆಸರಿದೆ. ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗಕ್ಕೆ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ ಕೂಡಿಸಿದ ಕಲ್ಲಿನ ಜಾಲಂಧ್ರಗಳನ್ನು ನೋಡಿದವರಿಗೆ ಒಳಗಿನ ಆ ಮಂದ ಬೆಳಕು ನೆನಪಿರುತ್ತದೆ. ಬೇಲೂರಿನವು ಕದಲುವುದಿಲ್ಲ. ಜೋಧಪುರದ ಹೋಟೆಲಿನಲ್ಲಿ ಕಲ್ಲಿನ ಈ ಪರದೆಯನ್ನು ಕಿಟಕಿಯ ಬಾಗಿಲಿನಂತೆ ಮಡಿಸಬಹುದು. ಮಡಿಸಿದರೆ ಕೋಟೆ ಪೂರ್ತಿ ಕಾಣುತ್ತದೆ. ಮುಚ್ಚಿದರೆ ನೆರಳು ಮತ್ತು ಏಕಾಂತ.

ಇದು ಬರೀ ಅಲಂಕಾರವೆ? ಭೂಪಟವನ್ನು ತೆರೆಯಿರಿ. ಜೋಧಪುರ ಇರುವುದು ಉತ್ತರ ಅಕ್ಷಾಂಶ 26 ಡಿಗ್ರಿಯಾಚೆ, ಕರ್ಕಾಟಕ ವೃತ್ತದ ಉತ್ತರಕ್ಕೆ. 13 ಡಿಗ್ರಿಯಲ್ಲಿರುವ ಬೆಂಗಳೂರಿನಲ್ಲಿ ಸೂರ್ಯ ವರ್ಷಕ್ಕೆರಡು ಸಲ ನೆತ್ತಿಯ ಮೇಲೆ ಬರುತ್ತಾನೆ. ಜೋಧಪುರದಲ್ಲಿ ಎಂದೂ ಸರಿಯಾಗಿ ನೆತ್ತಿಗೆ ಬರುವುದಿಲ್ಲ. ಜೂನ್ 21ರ ಮಧ್ಯಾಹ್ನ ಸುಮಾರು 87 ಡಿಗ್ರಿ ಎತ್ತರಕ್ಕೆ ಏರುತ್ತಾನೆ. ಆ ಎತ್ತರದ ಬಿಸಿಲನ್ನು ತಡೆಯಲು ಕಿಟಕಿಯ ಮೇಲೆ ಎರಡಡಿಯ ಚಜ್ಜಾ ಸಾಕು. ತೊಂದರೆ ಸಂಜೆಯದು. ನಾಲ್ಕು ಗಂಟೆಯ ಮೇಲೆ ಸೂರ್ಯ ಕೆಳಗಿಳಿದು ಬಿಸಿಲು ಓರೆಯಾಗಿ ಒಳನುಗ್ಗುವಾಗ ಚಜ್ಜಾ ಏನೂ ಮಾಡಲಾರದು. ಕೋಟೆ ಇರುವುದು ಹೋಟೆಲಿನ ಪಶ್ಚಿಮ ವಾಯವ್ಯಕ್ಕೆ. ಬೇಸಿಗೆಯಲ್ಲಿ ಸೂರ್ಯ ಮುಳುಗುವುದೂ ಹೆಚ್ಚುಕಡಿಮೆ ಅದೇ ದಿಕ್ಕಿಗೆ. ಅತಿಥಿ ಹಣ ಕೊಟ್ಟು ನೋಡಬಂದ ದೃಶ್ಯವೂ ಅವನನ್ನು ಬೇಯಿಸುವ ಬಿಸಿಲೂ ಒಂದೇ ಕಡೆಯಿಂದ ಬರುತ್ತವೆ. ಮಡಿಸಬಹುದಾದ ಪರದೆ ಈ ಲೆಕ್ಕಕ್ಕೆ ಸಿಕ್ಕ ಉತ್ತರ.

ಅಲ್ಲಿಯ ಬೇಸಿಗೆ ಎಂಥದ್ದೆಂದರೆ, ಜೋಧಪುರದ ಉತ್ತರಕ್ಕಿರುವ ಫಲೋದಿಯಲ್ಲಿ 2016ರ ಮೇ 19ರಂದು ತಾಪಮಾನ 51 ಡಿಗ್ರಿ ಮುಟ್ಟಿತ್ತು.

ಕೋಟೆ ತೋರಿಸಿದ ಗೈಡ್ ಮಕ್ಕಳಿಗೆ ಜಾಲಿಯನ್ನು ದೇಸಿ ಏಸಿ ಎಂದು ಪರಿಚಯಿಸಿದ. ಗಾಳಿ ಸಣ್ಣ ತೂತಿನಲ್ಲಿ ನುಸುಳುವಾಗ ಒತ್ತಡ ಕಡಿಮೆಯಾಗಿ ತಣ್ಣಗಾಗುತ್ತದೆ ಎಂಬ ವಿವರಣೆಯೂ ಬಂತು. ಈ ಮಾತು ಅನೇಕ ಪುಸ್ತಕಗಳಲ್ಲೂ ಇದೆ. ವಿದ್ಯಾರ್ಥಿಗಳೇ, ನೀವೇ ಲೆಕ್ಕ ಹಾಕಿ. ತೂತಿನಲ್ಲಿ ಗಾಳಿ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ನುಗ್ಗಿತೆನ್ನಿ. ಒಂದು ಕಿಲೋಗ್ರಾಂ ಗಾಳಿಯ ಚಲನಶಕ್ತಿ ಹನ್ನೆರಡೂವರೆ ಜೂಲ್. ಅಷ್ಟೇ ಗಾಳಿಯನ್ನು ಒಂದು ಡಿಗ್ರಿ ತಂಪು ಮಾಡಲು ಅದರಿಂದ ಸುಮಾರು 1000 ಜೂಲ್ ಹೊರತೆಗೆಯಬೇಕು. ಅಂದಮೇಲೆ ತಂಪಾಗುವುದು ಒಂದು ಡಿಗ್ರಿಯ ನೂರನೆಯ ಒಂದು ಪಾಲಿನಷ್ಟು ಮಾತ್ರ! ಯಾರ ಮೈಗೂ ತಿಳಿಯದು.

ಹಾಗಾದರೆ ಜಾಲಿಯ ಹಿಂದೆ ನಿಂತಾಗ ತಂಪೆನಿಸುವುದು ಸುಳ್ಳೆ? ಸುಳ್ಳಲ್ಲ, ಕಾರಣ ಬೇರೆ. ಮೊದಲನೆಯದಾಗಿ, ನೇರ ಬಿಸಿಲಿನ ಬಹುಭಾಗವನ್ನು ಕಲ್ಲು ಹೊರಗೇ ತಡೆಯುತ್ತದೆ. ಗಾಜಿನೊಳಗೆ ಬಂದ ಬಿಸಿಲನ್ನು ಪರದೆ ಎಳೆದು ತಡೆದರೆ ಪ್ರಯೋಜನ ಕಡಿಮೆ. ಶಾಖ ಆಗಲೇ ಒಳಗೆ ಬಂದಾಗಿದೆ. ಹೊರಗೆ ತಡೆದರೆ ಕಾದ ಕಲ್ಲಿನ ಶಾಖ ಹೊರಗಿನ ಗಾಳಿಗೇ ಹೋಗುತ್ತದೆ. ಇನ್ನೊಂದು, ಮರುಭೂಮಿಯ ಒಣಗಾಳಿ ಬೀಸಿದಾಗ ಬೆವರು ಬೇಗ ಆರಿ ಮೈಗೆ ತಂಪಾಗುತ್ತದೆ. ಇದರ ಜೊತೆಗೆ ಹಳೆಯ ಹವೇಲಿಗಳ ದಪ್ಪ ಗೋಡೆ. ಒಂದೂವರೆ ಅಡಿ ಕಲ್ಲನ್ನು ದಾಟಿ ಮಧ್ಯಾಹ್ನದ ಶಾಖ ಒಳಮುಖಕ್ಕೆ ಬರಲು ಒಂಬತ್ತು ಹತ್ತು ಗಂಟೆ ಹಿಡಿಯುತ್ತದೆ. ಅಷ್ಟರಲ್ಲಿ ರಾತ್ರಿಯಾಗಿ ಮರುಭೂಮಿಯ ಗಾಳಿ ತಣ್ಣಗಾಗಿರುತ್ತದೆ. ಹಳಬರು ಲೂ ಬೀಸುವ ಹಗಲಿನಲ್ಲಿ ಬಾಗಿಲು ಮುಚ್ಚಿಕೊಂಡು, ರಾತ್ರಿ ಎಲ್ಲವನ್ನೂ ತೆರೆದು ಮಹಡಿಯ ಮೇಲೆ ಮಲಗುತ್ತಿದ್ದರು.

ಹೋಟೆಲಿನಲ್ಲಿ ಹವಾನಿಯಂತ್ರಣದ ಯಂತ್ರವೂ ಇದೆ, ಅದನ್ನು ಮರೆಮಾಚಬೇಕಾಗಿಲ್ಲ. ಅಷ್ಟು ಹಣ ಕೊಡುವವರು ಮೇ ತಿಂಗಳಲ್ಲಿ ಬೆವರಲು ಒಪ್ಪಲಾರರು. ಕಲ್ಲಿನ ಪರದೆ ಮಾಡುವುದು ಯಂತ್ರದ ಹೊರೆಯನ್ನು ಇಳಿಸುವ ಕೆಲಸ. ನಮ್ಮ ಊರುಗಳಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ ಗಾಜಿನ ಕಚೇರಿಗಳನ್ನು ಕಟ್ಟಿ, ಆಮೇಲೆ ಯಂತ್ರದಿಂದ ಶಾಖವನ್ನು ಹೊರಗೆ ನೂಕುವವರು ಒಮ್ಮೆ ಈ ಗಲ್ಲಿಗೆ ಹೋಗಿ ಬರಬೇಕು. ಮಗನನ್ನು ಸಿವಿಲ್ ಎಂಜಿನಿಯರಿಂಗಿಗೆ ಸೇರಿಸುವ ಯೋಚನೆಯಲ್ಲಿರುವ ಪಾಲಕರಿಗೂ ಇದೇ ಮಾತು.

ಹೋಟೆಲಿನ ಪಕ್ಕದಲ್ಲೇ ತೂರ್ಜಿ ಕಾ ಝಾಲರಾ ಎಂಬ ಮೆಟ್ಟಿಲುಬಾವಿಯಿದೆ. 1740ರ ದಶಕದಲ್ಲಿ ಮಹಾರಾಜ ಅಭಯಸಿಂಹನ ರಾಣಿ ಕಟ್ಟಿಸಿದ್ದು. ಎಷ್ಟೋ ವರ್ಷ ಇದು ಕಸ ಮತ್ತು ಕೊಳಕು ನೀರಿನಲ್ಲಿ ಮುಳುಗಿಹೋಗಿತ್ತು. 2010ರ ನಂತರದ ವರ್ಷಗಳಲ್ಲಿ, ಸುತ್ತಲಿನ ಹಳೆಯ ಬೀದಿಗಳನ್ನು ಚೊಕ್ಕಟಗೊಳಿಸುವ ಕೆಲಸದ ಜೊತೆಗೆ ಇದನ್ನೂ ಬರಿದು ಮಾಡಿ ತೊಳೆದರು. ಕಲ್ಲಿನ ಆನೆ, ಸಿಂಹ, ದೇವರ ಗೂಡುಗಳು ಮೇಲೆ ಬಂದವು. ಈಗ ಊರ ಹುಡುಗರು ಮೇಲಿನ ಕಟ್ಟೆಯಿಂದ ನೀರಿಗೆ ಹಾರುತ್ತಾರೆ. ನೋಡುವವರ ಎದೆ ಝಲ್ಲೆನ್ನುತ್ತದೆ.

ಬಾವಿ ಪಾಳುಬಿದ್ದದ್ದಕ್ಕೂ ಒಂದು ಕಥೆಯಿದೆ. ವರ್ಷಕ್ಕೆ ಮೂವತ್ತು ನಲವತ್ತು ಸೆಂಟಿಮೀಟರ್ ಮಳೆ ಬೀಳುವ ಊರಿದು. ಇಲ್ಲಿ ಹಿಂದೆ ಬಾವಿ, ಝಾಲರಾ, ಕೆರೆಗಳೇ ಜನರ ಪ್ರಾಣ. ನಳದ ನೀರು ಬಂದಂತೆ ಅವುಗಳ ಬಳಕೆ ಕುಗ್ಗಿತು. 1990ರ ದಶಕದಲ್ಲಿ ಇಂದಿರಾ ಗಾಂಧಿ ನಾಲೆಯಿಂದ ಹಿಮಾಲಯದ ನೀರು ಇಲ್ಲಿಗೆ ತಲುಪಿತು. ಜನ ಬಾವಿಗಳಿಂದ ಸೇದುವುದನ್ನು ಬಿಟ್ಟರು. ಮೇಲೆ ಬಳಸಿದ ನೀರು ನೆಲಕ್ಕಿಂಗುತ್ತಲೇ ಇತ್ತು. ಪರಿಣಾಮವಾಗಿ ಹಳೆಯ ನಗರದಲ್ಲಿ ಅಂತರ್ಜಲ ಮೇಲೇರಿ ನೆಲಮಾಳಿಗೆಗಳಿಗೆ ನೀರು ನುಗ್ಗತೊಡಗಿತು. ಮರುಭೂಮಿಯ ಊರಿನಲ್ಲಿ ಪಂಪು ಹಚ್ಚಿ ಅಂತರ್ಜಲವನ್ನು ಹೊರಗೆ ಚೆಲ್ಲುತ್ತಾರೆಂದರೆ ಕೋಲಾರದ ಕಡೆಯವರು ನಂಬಲಾರರು. ಬಳಸುವವರಿಲ್ಲದ ಬಾವಿ ಕಸದ ತೊಟ್ಟಿಯಾಗುವುದು ಎಲ್ಲ ಊರಿನಲ್ಲೂ ಇದ್ದದ್ದೇ.

ಇನ್ನು ಕಲ್ಲನ್ನು ಕೊರೆಯುವವರ ಮಾತು. ಇಷ್ಟೆಲ್ಲ ಜಾಲಿಗಳನ್ನು ಕೈಯಿಂದ ಕೆತ್ತುವ ಕುಶಲಿಗಳು ಜೋಧಪುರದ ಸುತ್ತಮುತ್ತ ಇನ್ನೂ ಇದ್ದಾರೆ, ಇಂಥ ಕಟ್ಟಡಗಳಿಂದ ಅವರಿಗೆ ಕೆಲಸ ಸಿಗುತ್ತಿದೆ. ಸಂತೋಷದ ವಿಷಯ. ಆದರೆ ಮರಳುಗಲ್ಲೆಂದರೆ ಬಹುಪಾಲು ಸ್ಫಟಿಕಶಿಲೆ, ಅಂದರೆ ಸಿಲಿಕಾ. ಒಣಗಲ್ಲನ್ನು ಯಂತ್ರದ ಗರಗಸದಲ್ಲಿ ಕೊಯ್ದಾಗ ಏಳುವ ಧೂಳಿನಲ್ಲಿ ಐದು ಮೈಕ್ರಾನಿಗಿಂತ ಸಣ್ಣ ಕಣಗಳಿರುತ್ತವೆ. ನಮ್ಮ ತಲೆಗೂದಲಿನ ದಪ್ಪವೇ ಎಪ್ಪತ್ತು ಮೈಕ್ರಾನಿನಷ್ಟು. ಮೂಗಿನ ಕೂದಲು, ಗಂಟಲಿನ ಲೋಳೆ ಯಾವುದೂ ಇವನ್ನು ತಡೆಯಲಾರವು. ಪುಪ್ಪುಸದ ಗಾಳಿಚೀಲಗಳನ್ನು ತಲುಪಿ ಅಲ್ಲಿ ಗಾಯದ ಕಲೆಯಂಥ ಗಡುಸನ್ನು ಮಾಡುತ್ತವೆ. ಅದೇ ಸಿಲಿಕೋಸಿಸ್. ವಾಸಿಮಾಡುವ ಔಷಧಿಯಿಲ್ಲ. ಎಷ್ಟೋ ಸಲ ಕ್ಷಯವೆಂದು ತಪ್ಪು ತಿಳಿದು ಅದಕ್ಕೇ ಮಾತ್ರೆ ಕೊಡುತ್ತಾರೆ. ಕಲ್ಲುಗಣಿಗಳ ಕೆಲಸಗಾರರಲ್ಲಿ ಇದು ಎಷ್ಟು ವ್ಯಾಪಕವೆಂದರೆ, 2019ರಲ್ಲಿ ರಾಜಸ್ಥಾನ ಸರ್ಕಾರ ಈ ರೋಗದ ಪತ್ತೆಗೂ ಪರಿಹಾರಕ್ಕೂ ಪ್ರತ್ಯೇಕ ನೀತಿಯನ್ನೇ ತಂದಿತು. ಯಾವುದೋ ಒಂದು ಹೋಟೆಲನ್ನು ದೂರುವ ಮಾತಲ್ಲ ಇದು; ಕಲ್ಲಿನ ಉದ್ಯಮಕ್ಕೇ ಅಂಟಿದ ರೋಗ. ಗ್ರಾನೈಟಿನಲ್ಲೂ ಸ್ಫಟಿಕಶಿಲೆಯಿದೆ, ನಮ್ಮ ಅಡುಗೆಮನೆಯ ಕಟ್ಟೆಗಳನ್ನು ಕೊಯ್ಯುವ ಹುಡುಗರೂ ಅದೇ ಧೂಳನ್ನು ಕುಡಿಯುತ್ತಾರೆ. ಗರಗಸದ ಬಾಯಿಗೆ ಸಣ್ಣಗೆ ನೀರು ಬಿಟ್ಟರೆ ಧೂಳಿನ ಬಹುಪಾಲು ಅಲ್ಲೇ ಕೆಸರಾಗಿ ಕೂರುತ್ತದೆ. ಬಾಯಿಗೆ ಸುತ್ತಿಕೊಂಡ ಟವೆಲು ಮಾತ್ರ ಪ್ರಯೋಜನಕ್ಕೆ ಬಾರದು.

ಹೋಗುವವರಿಗೆ ಎರಡು ಮಾತು. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ರಾತ್ರಿ ಚಳಿಯಿರುವುದರಿಂದ ಸ್ವೆಟರ್ ಮರೆಯಬೇಡಿ. ಮೆಟ್ಟಿಲುಬಾವಿಗೆ ಬೆಳಿಗ್ಗೆ ಬೇಗ ಹೋಗಿ ಒಂದು ಗಂಟೆ ಸುಮ್ಮನೆ ಕುಳಿತರೆ ಹೋಟೆಲಿನೊಳಗೆ ಹಣ ಕೊಟ್ಟವರಿಗಿಂತ ನಿಮಗೇನೂ ಕಡಿಮೆ ಕಾಣುವುದಿಲ್ಲ. ಮಕ್ಕಳ ಕೈಗೆ ಎರಡು ಥರ್ಮಾಮೀಟರ್ ಕೊಡಿ. ಒಂದನ್ನು ಬಿಸಿಲಿನ ಗೋಡೆಗೆ ತಾಗಿಸಿ, ಇನ್ನೊಂದನ್ನು ಯಾವುದಾದರೂ ಹಳೆಯ ಜಾಲಿಯ ಹಿಂದಿನ ಗೋಡೆಗೆ ತಾಗಿಸಿ ಅಳೆಯಲಿ. ಊರ ಹೊರಗಿನ ರಸ್ತೆಗಳ ಬದಿಯಲ್ಲಿ ಕಲ್ಲು ಕೊಯ್ಯುವ ಅಂಗಳಗಳಿವೆ. ಅವನ್ನೂ ತೋರಿಸಿ, ಆದರೆ ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೆಂದು ನೋಡಿ, ಧೂಳು ಬರುವ ಕಡೆ ಮಕ್ಕಳನ್ನು ನಿಲ್ಲಿಸಬೇಡಿ.