ಮಿಲಿಟರಿಯವರ ಪಂಚಾತಿಕೆ

ನಮ್ಮ ಕಡೆ ಮಿಲಿಟರಿಯಿಂದ ನಿವೃತ್ತಿಯಾಗಿ ಬಂದವರಿಗೆ ಜನ ಕೇಳುವ ಮೊದಲ ಪ್ರಶ್ನೆ, “ಇನ್ನೆಂತ ಮಾಡ್ತೀರಿ?” ಎರಡನೆಯದು, “ಬ್ಯಾಂಕಿನಲ್ಲಿ ಸೆಕ್ಯೂರಿಟಿ ಕೆಲಸ ಸಿಗ್ತದಲ್ಲಾ?” ಗುರುವಾಯನಕೆರೆ ಪೇಟೆಯಲ್ಲಿ ಬಸ್ಸಿಗೆ ಕಾಯುವಾಗ ಈ ಮಾತು ಎಷ್ಟೋ ಸಲ ನನ್ನ ಕಿವಿಗೆ ಬಿದ್ದಿದೆ.

ನಮ್ಮ ಮನೆ ಹತ್ತಿರ ಒಬ್ಬರಿದ್ದಾರೆ, ನಾವೆಲ್ಲ ಮಿಲಿಟ್ರಿ ಮಾವ ಅನ್ನುತ್ತೇವೆ. ಈಗ ಅವರದ್ದು ಅಡಕೆ ತೋಟ, ಎರಡು ದನ. ಆದರೆ ತೋಡಿನ ನೀರಿಗೋ ಬೇಲಿಗೋ ತಕರಾರು ಬಂದರೆ ಎರಡೂ ಕಡೆಯವರು ಕರೆಯುವುದು ಅವರನ್ನೇ. ಯಾಕೆ ಅಂತ ಕೇಳಿದರೆ ನಗುತ್ತಾರೆ: “ಪೆಟ್ಟು ಅಂದರೆ ಎಂತದ್ದು ಅಂತ ನೋಡಿದವ, ಪೆಟ್ಟು ಬೇಡ ಅಂದರೆ ಜನ ಕೇಳ್ತಾರೆ.”

ಈ ಮಾತಿಗೆ ದೊಡ್ಡ ಸಾಕ್ಷಿ ನಮ್ಮ ಪಕ್ಕದ ಕೊಡಗಿನಲ್ಲೇ ಉಂಟು. ಉಪ್ಪಿನಂಗಡಿ, ಪುತ್ತೂರು, ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತಿದರೆ ಮಡಿಕೇರಿ. ಅಲ್ಲಿಯ ಇಬ್ಬರು ಸೇನಾ ಮುಖ್ಯಸ್ಥರು ಬೇರೆ ಬೇರೆ ರೀತಿಯಲ್ಲಿ ದೇಶದ ರಾಯಭಾರಿಗಳಾದರು.

ಒಬ್ಬರು ಕೆ.ಎಂ. ಕಾರ್ಯಪ್ಪ. 1949ರ ಜನವರಿ 15ರಂದು ಭಾರತೀಯ ಸೇನೆಯ ಚುಕ್ಕಾಣಿ ಹಿಡಿದ ಮೊದಲ ಭಾರತೀಯ. 1953ರಲ್ಲಿ ನಿವೃತ್ತರಾದ ಮೇಲೆ 1956ರವರೆಗೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಗೆ ಭಾರತದ ಹೈಕಮಿಷನರ್ ಆಗಿದ್ದರು.

ಇನ್ನೊಬ್ಬರು ಕೆ.ಎಸ್. ತಿಮ್ಮಯ್ಯ. ಅವರಿಗೆ ರಾಯಭಾರಿ ಎಂಬ ಹೆಸರು ಸಿಗಲಿಲ್ಲ, ಆದರೆ ಕೆಲಸ ಅದಕ್ಕಿಂತ ಕಷ್ಟದ್ದು. 1953ರ ಜುಲೈಯಲ್ಲಿ ಕೊರಿಯಾ ಯುದ್ಧ ನಿಂತಾಗ, ಊರಿಗೆ ಮರಳಲು ಒಪ್ಪದ ಯುದ್ಧಕೈದಿಗಳು 22 ಸಾವಿರಕ್ಕೂ ಹೆಚ್ಚು. ಹೆಚ್ಚಿನವರು ಚೀನಾ ಮತ್ತು ಉತ್ತರ ಕೊರಿಯಾದವರು. ಅವರನ್ನು ಏನು ಮಾಡುವುದು? ಐದು ದೇಶಗಳ ಆಯೋಗ ಕೂತಿತು. ಒಂದು ಬದಿಗೆ ಕಮ್ಯುನಿಸ್ಟ್ ದೇಶಗಳಾದ ಪೋಲೆಂಡ್, ಚೆಕೊಸ್ಲೊವಾಕಿಯಾ. ಇನ್ನೊಂದು ಬದಿಗೆ ಸ್ವೀಡನ್, ಸ್ವಿಟ್ಜರ್ಲೆಂಡ್. ನಡುವೆ ಭಾರತ; ಅಧ್ಯಕ್ಷರು ತಿಮ್ಮಯ್ಯ. ಎರಡು ಎರಡು ಸಮ ಬಂದರೆ ಕೊನೆಯ ಓಟು ಅವರದ್ದು.

ದಕ್ಷಿಣ ಕೊರಿಯಾ ನಮ್ಮ ಸೈನಿಕರಿಗೆ ತನ್ನ ನೆಲದಲ್ಲಿ ಕಾಲಿಡಲೂ ಬಿಡಲಿಲ್ಲ. ಹಡಗಿನಿಂದ ಹೆಲಿಕಾಪ್ಟರಿನಲ್ಲೇ ಗಡಿಯ ಶಿಬಿರಕ್ಕೆ ಸಾಗಿಸಬೇಕಾಯಿತು. ಕೈದಿಗಳನ್ನು ಕಾಯುವ ಪಡೆಯ ಹೊಣೆ ಮೇಜರ್ ಜನರಲ್ ಥೋರಟ್ ಅವರದ್ದು. ಒಮ್ಮೆ ಕೈದಿಗಳು ನಮ್ಮ ಅಧಿಕಾರಿಯೊಬ್ಬರನ್ನೇ ಹಿಡಿದಿಟ್ಟರು. ಥೋರಟ್ ಬೇಲಿಯೊಳಗೆ ತಾವೇ ನಡೆದುಹೋಗಿ, ಮಾತಾಡಿ, ಬಿಡಿಸಿ ತಂದರು.

ಫಲ? ಎರಡೂ ಕಡೆಯವರು ಭಾರತವನ್ನು ಬೈದರು. ನಿಷ್ಪಕ್ಷಪಾತಕ್ಕೆ ಸಿಗುವ ಸಂಬಳ ಅದೇ, ಪಂಚಾತಿಕೆಗೆ ಕೂತವರಿಗೆಲ್ಲ ಗೊತ್ತು. ಎಲ್ಲವೂ ಸರಿಹೋಯಿತು ಅಂತಲೂ ಅಲ್ಲ. 1954ರ ಜನವರಿಯಲ್ಲಿ ಅವಧಿ ಮುಗಿದಾಗ, ಉಳಿದವರನ್ನು ಮೊದಲು ಹಿಡಿದಿಟ್ಟಿದ್ದ ಕಡೆಗೇ ಒಪ್ಪಿಸಬೇಕಾಯಿತು. ಎರಡೂ ಬದಿ ಬೇಡವೆಂದ 88 ಮಂದಿ ಭಾರತಕ್ಕೆ ಬಂದರು. ಆದರೆ ಆ ಬೇಲಿಯಿಂದ ಮತ್ತೊಂದು ಯುದ್ಧ ಹುಟ್ಟಲಿಲ್ಲ.

1957ರಿಂದ 1961ರವರೆಗೆ ತಿಮ್ಮಯ್ಯ ಸೇನಾ ಮುಖ್ಯಸ್ಥರಾಗಿದ್ದರು. ನಿವೃತ್ತಿಯ ನಂತರ 1964ರಲ್ಲಿ ವಿಶ್ವಸಂಸ್ಥೆ ಅವರನ್ನು ಸೈಪ್ರಸ್ ದ್ವೀಪಕ್ಕೆ ಕರೆಯಿತು. ಅಲ್ಲಿ ಗ್ರೀಕರಿಗೂ ತುರ್ಕರಿಗೂ ಜಗಳ. ನಡುವೆ ನಿಂತ ಶಾಂತಿಪಡೆಗೆ ಅವರು ದಂಡನಾಯಕ. 1965ರ ಡಿಸೆಂಬರ್ 18ರಂದು ಆ ಕೆಲಸದಲ್ಲಿರುವಾಗಲೇ ತೀರಿಹೋದರು. ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ತಂದಿತು. ಲಾರ್ನಕಾ ಪಟ್ಟಣದಲ್ಲಿ ಅವರ ಹೆಸರಿನ ರಸ್ತೆ ಇದೆ. ಮಡಿಕೇರಿಯ ಅವರ ಮನೆ ‘ಸನ್ನಿಸೈಡ್’ ಈಗ ವಸ್ತುಸಂಗ್ರಹಾಲಯ. ಆ ದಾರಿಯಲ್ಲಿ ಹೋದರೆ ಒಳಗೆ ಹೋಗಿ ನೋಡಿ.

ನನ್ನ ಚಿಕ್ಕಮ್ಮನ ಮಗ ಈಗ ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಓಡುತ್ತಾನೆ. ಅಗ್ನಿವೀರ ಆಗಬೇಕಂತೆ. 2022ರ ಈ ಯೋಜನೆಯಲ್ಲಿ ಸೇವೆ ನಾಲ್ಕೇ ವರ್ಷ. ನಂತರ ಹೆಚ್ಚೆಂದರೆ ಶೇ. 25 ಮಂದಿಗೆ ಮಾತ್ರ ಸೇನೆಯಲ್ಲಿ ಮುಂದುವರಿಯುವ ಅವಕಾಶ. ಉಳಿದವರು ಇಪ್ಪತ್ತೈದರ ಆಸುಪಾಸಿನಲ್ಲೇ ಊರಿಗೆ ಬರುತ್ತಾರೆ. ಚಿಕ್ಕಮ್ಮನಿಗೆ ಅದೇ ಚಿಂತೆ.

ಗೇಟು ಕಾಯುವ ಕೆಲಸವೂ ಮರ್ಯಾದೆಯದ್ದೇ. ಆದರೆ ದೂರದ ಗಡಿಯಲ್ಲಿ, ಬೇರೆ ಭಾಷೆಯ ಜನರ ನಡುವೆ ತಾಳ್ಮೆ ಕಲಿತು ಬಂದ ಹುಡುಗರಿಗೆ ನಾವು ತೋರಿಸುವುದು ಅದೊಂದೇ ಆಗಬಾರದು. ಗ್ರಾಮಸಭೆಗೆ, ಶಾಲಾ ಸಮಿತಿಗೆ, ಮಳೆಗಾಲದ ನೆರೆ ಕೆಲಸಕ್ಕೆ, ಊರಿನ ರಾಜಿಗೆ ಅವರನ್ನು ಕರೆಯೋಣ. “ಇನ್ನೆಂತ ಮಾಡ್ತೀರಿ?” ಅಂತ ಕೇಳುವ ಬದಲು, “ನಮಗೆ ಇದೊಂದು ಮಾಡಿ ಕೊಡ್ತೀರಾ?” ಅಂತ ಕೇಳಿದರೆ ಸಾಕು.