ಬಸ್ತಿಹಳ್ಳಿ: ಮಾದರಿ ಕಟ್ಟುವವರಿಗೊಂದು ಕಲ್ಲಿನ ಪಾಠಶಾಲೆ

ಡಿಸೆಂಬರ್ ಬಂತೆಂದರೆ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಮುಂದೆ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟಿ ನಿಲ್ಲುತ್ತವೆ. ಮಕ್ಕಳು ಗೋಡೆಯ ಆನೆಗಳ ಸಾಲನ್ನು ನೋಡಿ, ನಂದಿಯ ಮುಂದೆ ಫೋಟೊ ತೆಗೆಸಿಕೊಂಡು, ಹೊರಗೆ ಮಾರುವ ಬಳಪದ ಕಲ್ಲಿನ ಪುಟ್ಟ ಆನೆಯನ್ನೋ ಗಣಪನನ್ನೋ ಕೊಂಡು ಮತ್ತೆ ಬಸ್ ಹತ್ತುತ್ತಾರೆ. ಅಲ್ಲಿಂದ ನಡೆದೇ ಹೋಗಬಹುದಾದಷ್ಟು ಹತ್ತಿರದಲ್ಲಿರುವ ಬಸ್ತಿಹಳ್ಳಿಯತ್ತ ಹೊರಳುವ ಬಸ್ಸುಗಳು ಕಡಿಮೆ. ಆದರೆ ಶಾಲೆಯ ವಸ್ತುಪ್ರದರ್ಶನಕ್ಕೆಂದು ರಟ್ಟು, ಥರ್ಮೋಕೋಲ್, ಬಿದಿರುಕಡ್ಡಿಗಳಿಂದ ವಿಮಾನವನ್ನೋ ಹಡಗನ್ನೋ ದೇವಾಲಯವನ್ನೋ ಕಟ್ಟಿದ ಮಗು ಮನೆಯಲ್ಲಿದ್ದರೆ, ಆ ಮಗುವನ್ನು ಮೊದಲು ಕರೆದೊಯ್ಯಬೇಕಾದದ್ದು ಬಸ್ತಿಹಳ್ಳಿಗೆ.

ಮಾದರಿ ಕಟ್ಟುವುದು ಆಟವೆಂದು ದೊಡ್ಡವರು ತಿಳಿಯುವುದುಂಟು. ಆದರೆ ಅದರ ಒಳಗಿರುವುದು ಲೆಕ್ಕ. ಎರಡು ರೆಕ್ಕೆಗಳ ಟೈಗರ್ ಮಾತ್ ವಿಮಾನದ ರೆಕ್ಕೆಯ ಹರವು 8.94 ಮೀಟರ್. ಮಾದರಿಗಾರರು ಹೆಚ್ಚಾಗಿ ಬಳಸುವ 1:72 ಪ್ರಮಾಣಕ್ಕೆ ಇಳಿಸಿದರೆ ಅದು ಸುಮಾರು 12.4 ಸೆಂಟಿಮೀಟರ್. ಮೇಲಿನ ರೆಕ್ಕೆಗೂ ಕೆಳಗಿನ ರೆಕ್ಕೆಗೂ ನಡುವೆ ಬಿಗಿಯುವ ದಾರ ಅಂದಕ್ಕೆ ಕಟ್ಟಿದ್ದಲ್ಲ. ನಿಜವಾದ ವಿಮಾನದಲ್ಲಿ, ಹಾರುವಾಗ ರೆಕ್ಕೆಯನ್ನು ಮೇಲಕ್ಕೆತ್ತುವ ಬಲವನ್ನು ತಡೆಯುವ ತಂತಿ ಬೇರೆ, ನೆಲದ ಮೇಲೆ ನಿಂತಾಗ ರೆಕ್ಕೆಯ ಭಾರ ಹೊರುವ ತಂತಿ ಬೇರೆ. ಎಲ್ಲಿಂದ ಎಲ್ಲಿಗೆ, ಯಾಕೆ ಎಂಬುದು ತಿಳಿಯದೆ ದಾರ ಕಟ್ಟಿದರೆ ಅದು ವಿಮಾನದ ಮಾದರಿ ಆಗದು, ವಿಮಾನದಂತೆ ಕಾಣುವ ಬೊಂಬೆಯಾದೀತು.

ಇದೇ ಮಾತನ್ನು ಕಲ್ಲಿನಲ್ಲಿ ಕಲಿಸುವ ಊರು ಬಸ್ತಿಹಳ್ಳಿ. ಹೊಯ್ಸಳರ ರಾಜಧಾನಿ ದೋರಸಮುದ್ರದ ಭಾಗವಾಗಿದ್ದ ಇಲ್ಲಿ ಈಗ ಪಾರ್ಶ್ವನಾಥ, ಆದಿನಾಥ, ಶಾಂತಿನಾಥ ಎಂಬ ಮೂರು ಬಸದಿಗಳಿವೆ. ದೊಡ್ಡದಾದ ಪಾರ್ಶ್ವನಾಥ ಬಸದಿಯನ್ನು ವಿಷ್ಣುವರ್ಧನನ ದಂಡನಾಯಕ ಗಂಗರಾಜನ ನೆನಪಿಗಾಗಿ ಅವನ ಮಗ ಬೊಪ್ಪ 1133ರಲ್ಲಿ ಕಟ್ಟಿಸಿದ. ಪ್ರತಿಷ್ಠೆಯ ಪ್ರಸಾದ ಬಂಕಾಪುರದಲ್ಲಿದ್ದ ದೊರೆಯ ಕೈಸೇರಿದ ಹೊತ್ತಿಗೆ ಯುದ್ಧದಲ್ಲಿ ಗೆಲುವೂ ಅರಮನೆಯಲ್ಲಿ ಗಂಡುಮಗುವಿನ ಜನನವೂ ಒಟ್ಟಿಗೆ ಆಗಿದ್ದವಂತೆ. ಆ ಸಂತೋಷದಲ್ಲಿ ದೇವರಿಗೆ ವಿಜಯ ಪಾರ್ಶ್ವನೆಂದೂ, ಮಗುವಿಗೆ ವಿಜಯ ನರಸಿಂಹನೆಂದೂ ಹೆಸರಿಟ್ಟ ಸಂಗತಿಯನ್ನು ಶಾಸನ ಹೇಳುತ್ತದೆ. ಶಾಂತಿನಾಥ ಬಸದಿ ಇಮ್ಮಡಿ ವೀರಬಲ್ಲಾಳನ ಕಾಲದ್ದು, ಅದೇ ಶತಮಾನದ ಕೊನೆಯ ದಶಕದ ಕಟ್ಟಡ.

ಹೊಯ್ಸಳೇಶ್ವರದ ಕೆತ್ತನೆಯ ಸಂತೆಯಿಂದ ಬಂದವರಿಗೆ ಇಲ್ಲಿನ ಹೊರಗೋಡೆಗಳು ಬರಿದಾಗಿ ಕಾಣುತ್ತವೆ. ವಿದ್ಯಾರ್ಥಿಗೆ ಬೇಕಾದದ್ದು ಈ ಬರಿದುತನವೇ. ಬಣ್ಣ ಬಳಿಯುವ ಮೊದಲು ಮಾದರಿ ವಿಮಾನದ ಹಂದರ ಕಾಣುವಂತೆ, ಬಸದಿಯ ಅಂಗಾಂಗಗಳು ಇಲ್ಲಿ ಬಿಡಿಬಿಡಿಯಾಗಿ ಕಣ್ಣಿಗೆ ಬೀಳುತ್ತವೆ: ಕೆಳಗೆ ಪಟ್ಟಿಗಳುಳ್ಳ ಅಧಿಷ್ಠಾನ, ಮೇಲೆ ಗೋಡೆ, ಗೋಡೆಗೆ ಅಂಟಿದ ಅರೆಗಂಬಗಳು, ಅವುಗಳ ಮೇಲೆ ಸೂರು. ಒಳಗೆ ಹೋದರೆ ನವರಂಗದ ಕಂಬಗಳು ಚನ್ನಪಟ್ಟಣದ ಬೊಂಬೆಯನ್ನು ತಿರುಗಿಸಿ ಕಡೆದಂತೆ ದುಂಡಗಿವೆ. ಅವುಗಳ ಹೊಳಪು ಎಷ್ಟೆಂದರೆ ಎದುರು ನಿಂತವರ ಬಿಂಬ ಕಲ್ಲಿನಲ್ಲಿ ಮೂಡುತ್ತದೆ. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿ ಬಿಸಿಲಿಗೆ ಗಟ್ಟಿಯಾಗುವ ಬಳಪದ ಕಲ್ಲು ಈ ನಯಗಾರಿಕೆಗೆ ಒದಗಿ ಬಂದಿತು.

ಗರ್ಭಗುಡಿಯಲ್ಲಿ ಹೆಡೆಬಿಚ್ಚಿದ ಸರ್ಪದ ಕೆಳಗೆ ಎರಡಾಳಿಗೂ ಮೀರಿದ ಎತ್ತರದ ಪಾರ್ಶ್ವನಾಥ ನಿಂತಿದ್ದಾನೆ. ಇಷ್ಟು ಎತ್ತರದ ವಿಗ್ರಹದಲ್ಲೂ ಕೈ ಉದ್ದವಾಯಿತು, ಮುಖ ಚಿಕ್ಕದಾಯಿತು ಎನಿಸುವುದಿಲ್ಲವಲ್ಲ, ಹೇಗೆ? ಉತ್ತರ ತಾಲಮಾನದಲ್ಲಿದೆ. ಶಿಲ್ಪಶಾಸ್ತ್ರದಲ್ಲಿ ಒಂದು ತಾಲವೆಂದರೆ ಮುಖದ ಉದ್ದ. ಅದನ್ನು 12 ಅಂಗುಲಗಳಾಗಿ ಭಾಗಿಸಿ ದೇಹದ ಉಳಿದ ಅಂಗಗಳನ್ನು ಆ ಲೆಕ್ಕದಲ್ಲೇ ಅಳೆಯುತ್ತಾರೆ. ನವತಾಲದ ವಿಗ್ರಹದ ಎತ್ತರ ಒಂಬತ್ತು ಮುಖದಷ್ಟು. ಮುಖ ಒಂದು ಇಂಚಿನದಾದರೆ ವಿಗ್ರಹ ಒಂಬತ್ತು ಇಂಚು, ದೇವರಮನೆಯ ಗೂಡಿನಲ್ಲಿ ಕೂರುತ್ತದೆ. ಮುಖ ಎರಡು ಅಡಿಯದಾದರೆ ವಿಗ್ರಹ ಹದಿನೆಂಟು ಅಡಿ. ಇದು ಶಾಲೆಯ ಗಣಿತದಲ್ಲಿ ಬರುವ ಅನುಪಾತವೇ. 1:72 ಎಂದು ಮಾದರಿಯ ಪೆಟ್ಟಿಗೆಯ ಮೇಲೆ ಅಚ್ಚಾಗಿರುವುದೂ ಅದೇ.

ಹೊರಗೆ ಬಂದು ತಲೆಯೆತ್ತಿದರೆ ಒಂದು ಕೊರತೆ ಕಾಣುತ್ತದೆ. ಬಸದಿಗಳ ಮೇಲೆ ಶಿಖರವಿಲ್ಲ. ಹೊಯ್ಸಳೇಶ್ವರದ ಜೋಡಿ ಗರ್ಭಗುಡಿಗಳ ಮೇಲೂ ಇಲ್ಲ. ಅಲ್ಲಿ ಶಿಖರವಿದ್ದು ಬಿದ್ದಿತೋ, ಕೆಲಸವೇ ಪೂರ್ತಿಯಾಗಲಿಲ್ಲವೋ ಎಂಬ ಚರ್ಚೆ ವಿದ್ವಾಂಸರಲ್ಲಿದೆ. ಹಾಗಾದರೆ ಹೊಯ್ಸಳ ಶಿಲ್ಪಿಗಳ ಮನಸ್ಸಿನಲ್ಲಿದ್ದ ಶಿಖರಗಳ ರೂಪವನ್ನು ತಿಳಿಯುವುದು ಹೇಗೆ?

ಬಸ್ತಿಹಳ್ಳಿಯ ಪಾಠ ಮುಗಿಸಿ ಹೊಯ್ಸಳೇಶ್ವರಕ್ಕೆ ಮರಳಿದರೆ ಗೋಡೆಯೇ ಉತ್ತರ ಹೇಳತೊಡಗುತ್ತದೆ. ದೇವತೆಗಳ ದೊಡ್ಡ ವಿಗ್ರಹಗಳನ್ನು ನೋಡುವ ಕಣ್ಣು ಸ್ವಲ್ಪ ಮೇಲಕ್ಕೆ, ಸೂರಿನ ಕೆಳಗೆ ಹರಿಯಲಿ. ಅಲ್ಲಿ ಅರೆಗಂಬಗಳು ಹೊತ್ತಿರುವ ಪುಟ್ಟ ಪುಟ್ಟ ಶಿಖರಗಳಿವೆ. ಇವು ಬರಿಯ ಅಲಂಕಾರದ ಬಳ್ಳಿಗಳಲ್ಲ, ಪ್ರಮಾಣಕ್ಕಿಳಿಸಿದ ಕಟ್ಟಡಗಳು. ಅಂತಸ್ತುಗಳು, ಕಲಶ ಎಲ್ಲವೂ ತಂತಮ್ಮ ಜಾಗದಲ್ಲಿವೆ. ಮೆಟ್ಟಿಲು ಮೆಟ್ಟಿಲಾಗಿ ಏರುವ ದ್ರಾವಿಡ, ಬಾಗಿದ ಬೆನ್ನಿನ ನಾಗರ, ಪುಟ್ಟ ಶಿಖರಗಳ ಸರವನ್ನೇ ಪೋಣಿಸಿ ಮೇಲಕ್ಕೆತ್ತಿದ ಭೂಮಿಜ, ಹೀಗೆ ಹಲವು ಜಾತಿಯ ಶಿಖರಗಳನ್ನು ಹೊಯ್ಸಳ ಶಿಲ್ಪಿಗಳು ತಮ್ಮ ಗುಡಿಗಳ ಗೋಡೆಗಳ ಮೇಲೆ ಕಡೆದಿಟ್ಟಿದ್ದಾರೆ.

ಹದಿನಾರು ಕಿಲೋಮೀಟರ್ ದೂರದ ಬೇಲೂರಿನಲ್ಲಿ ಈ ಸಾಕ್ಷ್ಯ ಇನ್ನೂ ಸ್ಪಷ್ಟ. 1117ರ ಚೆನ್ನಕೇಶವ ದೇವಾಲಯದ ಮೇಲೂ ಇಂದು ಶಿಖರವಿಲ್ಲ. ಆದರೆ ಬಾಗಿಲುಗಳ ಮೆಟ್ಟಿಲಿನ ಎರಡೂ ಬದಿಯಲ್ಲಿ ಪುಟ್ಟ ಗುಡಿಗಳಿದ್ದು, ಅವುಗಳ ಮೇಲೆ ಭೂಮಿಜ ಶಿಖರಗಳಿವೆ. ಇವನ್ನು ನೋಡಿಯೇ, ಕಳೆದುಹೋದ ದೊಡ್ಡ ಶಿಖರವೂ ಇದೇ ಜಾತಿಯದಾಗಿದ್ದಿರಬೇಕೆಂದು ವಿದ್ವಾಂಸರು ಊಹಿಸಿದ್ದಾರೆ. ದೊಡ್ಡದು ಹೋಗಿ ಚಿಕ್ಕದು ಉಳಿದು, ಚಿಕ್ಕದೇ ದೊಡ್ಡದರ ಪರವಾಗಿ ಸಾಕ್ಷಿ ಹೇಳುವ ಪ್ರಸಂಗವಿದು.

ನಮ್ಮ ಕಾಲದಲ್ಲೂ ಹೀಗಾದದ್ದುಂಟು. 1961ರಲ್ಲಿ ನೌಕಾಪಡೆ ಸೇರಿದ, 1971ರ ಯುದ್ಧದಲ್ಲಿ ಬಂಗಾಳ ಕೊಲ್ಲಿಯಲ್ಲಿ ಹೋರಾಡಿದ ವಿಮಾನವಾಹಕ ನೌಕೆ ವಿಕ್ರಾಂತ್ 1997ರಲ್ಲಿ ನಿವೃತ್ತವಾಯಿತು. ಕೆಲಕಾಲ ಮುಂಬೈಯಲ್ಲಿ ವಸ್ತುಸಂಗ್ರಹಾಲಯವಾಗಿದ್ದು, 2014-15ರಲ್ಲಿ ಒಡೆದು ಗುಜರಿಯಾಯಿತು. ಅದೇ ಹೆಸರಿನ ಹೊಸ ನೌಕೆ 2022ರಲ್ಲಿ ಬಂದಿದೆ, ನಿಜ. ಆದರೆ ಹಳೆಯ ವಿಕ್ರಾಂತ್‌ನ ಇಡೀ ಆಕಾರವನ್ನು ಮಕ್ಕಳು ಸುತ್ತ ತಿರುಗಿ ನೋಡಬೇಕೆಂದರೆ ಇಂದು ಮಾದರಿಯೇ ಗತಿ. ಸುಮಾರು 213 ಮೀಟರ್ ಉದ್ದದ ಆ ಹಡಗು 1:700 ಪ್ರಮಾಣದಲ್ಲಿ ಶಾಲೆಯ ಅಳತೆಪಟ್ಟಿಯಷ್ಟು, ಅಂದರೆ ಮೂವತ್ತು ಸೆಂಟಿಮೀಟರಿನಷ್ಟು ಆಗುತ್ತದೆ.

ಮಾದರಿ ಹಿಂದಿನದನ್ನು ಉಳಿಸುವಂತೆ ಮುಂದಿನದನ್ನು ಪರೀಕ್ಷಿಸುವುದೂ ಉಂಟು. ರೈಟ್ ಸಹೋದರರು 1901ರಲ್ಲಿ ತಾವೇ ಮಾಡಿಕೊಂಡ ಗಾಳಿಸುರಂಗದಲ್ಲಿ ಇನ್ನೂರರಷ್ಟು ಪುಟ್ಟ ರೆಕ್ಕೆಗಳನ್ನಿಟ್ಟು ಪರೀಕ್ಷಿಸಿದರು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ಗಾಳಿಸುರಂಗದಲ್ಲಿ ತೇಜಸ್ ಯುದ್ಧವಿಮಾನವೂ ಮೊದಲು ಮಾದರಿಯಾಗಿಯೇ ಗಾಳಿಯನ್ನೆದುರಿಸಿತು.

ಆದರೆ ಮಾದರಿಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಗೋಡೆಯ ಮೇಲೆ ನಾಗರ ಶಿಖರವಿದೆಯೆಂದ ಮಾತ್ರಕ್ಕೆ ಆ ಗುಡಿಯ ಮೇಲೆ ನಾಗರ ಶಿಖರವೇ ಇತ್ತೆಂದು ಅರ್ಥವಲ್ಲ. ಶಿಲ್ಪಿ ತನಗೆ ಗೊತ್ತಿದ್ದ ಜಾತಿಗಳನ್ನೆಲ್ಲ ಅಲ್ಲಿ ಪ್ರದರ್ಶಿಸಿರಬಹುದು. ಆದ್ದರಿಂದಲೇ ಹೋಲಿಸಿ ನೋಡಬೇಕು. ಹೋಲಿಕೆಗೆ ಸೋಮನಾಥಪುರವಿದೆ. 1268ರ ಕೇಶವ ದೇವಾಲಯದಲ್ಲಿ ಮೂರೂ ಶಿಖರಗಳು ಇಂದಿಗೂ ಸುಸ್ಥಿತಿಯಲ್ಲಿವೆ. ಬೇಲೂರು, ಹಳೇಬೀಡಿನ ದೇವಾಲಯಗಳ ಜೊತೆಗೆ ಅದೂ 2023ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿದೆ.

ಬಸ್ತಿಹಳ್ಳಿಗೆ ಹೋಗುವವರು ಹಾಸನದಿಂದಾಗಲಿ ಬೇಲೂರಿನಿಂದಾಗಲಿ ಹಳೇಬೀಡಿನ ಬಸ್ ಹಿಡಿಯಬಹುದು. ರೈಲಿನಲ್ಲಿ ಬರುವವರಿಗೆ ಅರಸೀಕೆರೆಯೂ ಅನುಕೂಲ. ಬೆಳಗಿನ ಹೊತ್ತು ಬಸದಿಗಳಲ್ಲಿ ಜನ ಕಡಿಮೆ. ಮಕ್ಕಳ ಕೈಯಲ್ಲಿ ಒಂದು ನೋಟ್‌ಬುಕ್, ಪೆನ್ಸಿಲ್ ಇರಲಿ. ಕಲ್ಲನ್ನು ಮುಟ್ಟದೆಯೇ ಅಳೆಯುವ ಉಪಾಯವೂ ಇದೆ: ತೋಳು ಚಾಚಿ ಪೆನ್ಸಿಲನ್ನು ನೆಟ್ಟಗೆ ಹಿಡಿದು, ಪೆನ್ಸಿಲಿನ ಎಷ್ಟು ಭಾಗ ಅಧಿಷ್ಠಾನವನ್ನು ಮರೆಮಾಡುತ್ತದೆ, ಎಷ್ಟು ಭಾಗ ಗೋಡೆಯನ್ನು ಎಂದು ಗುರುತು ಹಾಕಿಕೊಂಡರೆ ಅನುಪಾತ ಸಿಕ್ಕಿತು. ಮನೆಗೆ ಬಂದು ಅದೇ ಅನುಪಾತದಲ್ಲಿ ರಟ್ಟು ಕತ್ತರಿಸಬಹುದು. ಶಿಖರದ ಜಾಗವನ್ನು ಮಾತ್ರ ಸದ್ಯಕ್ಕೆ ಖಾಲಿ ಬಿಟ್ಟಿರಲಿ. ಬೇಲೂರಿನ ಮೆಟ್ಟಿಲ ಪಕ್ಕದ ಗುಡಿಗಳನ್ನೂ ಸೋಮನಾಥಪುರವನ್ನೂ ನೋಡಿ ಬಂದ ಮೇಲೆ ಅಲ್ಲಿ ಏನನ್ನು ಇಡಬೇಕೆಂಬುದನ್ನು ಮಗುವೇ ಯೋಚಿಸಿ ಹೇಳಲಿ.