ಯಾವಾಗ ಹೋಗುವುದು?

ನಮ್ಮ ಕಡೆಯವರ ಮರ್ಯಾದೆಯ ವಿಷಯದಲ್ಲಿ ಘಟ್ಟದ ಮೇಲಿನವರಿಗೆ ಒಂದು ಸಂಶಯ ಉಂಟು. ಅದಕ್ಕೆ ಕಾರಣ ಒಂದು ಪ್ರಶ್ನೆ. ಪುತ್ತೂರು, ಸುಳ್ಯ, ಕಡಬದ ಸೀಮೆಯಲ್ಲಿ ಯಾವ ಹಳ್ಳಿಯ ದಾರಿಯಲ್ಲಾದರೂ ಹೊಸಬರು ನಡೆದು ಹೋಗುತ್ತಿರಲಿ, ಎದುರಿಗೆ ಸಿಕ್ಕಿದವರು ಮೊದಲು "ಯಾವಾಗ ಬಂದದ್ದು?" ಎನ್ನುತ್ತಾರೆ. ಅದಕ್ಕೆ ಉತ್ತರ ಪೂರ್ತಿ ಹೊರಡುವ ಮೊದಲೇ "ಇನ್ನು ಯಾವಾಗ ಹೋಗುವುದು?" ಎಂದು ಎರಡನೆಯ ಪ್ರಶ್ನೆ ಬೀಳುತ್ತದೆ.

1981ರಲ್ಲಿ ನನ್ನ ಕಚೇರಿಯ ಮೈಸೂರಿನ ಸ್ನೇಹಿತರೊಬ್ಬರು ಮೊದಲ ಬಾರಿಗೆ ನನ್ನೊಡನೆ ಊರಿಗೆ ಬಂದರು. ಬಸ್ಸಿಳಿದು ಮನೆಯ ಅಂಗಳ ಸೇರುವುದರೊಳಗೆ ನಾಲ್ಕು ಜನ ಅವರನ್ನು ಯಾವಾಗ ಹೋಗುವುದೆಂದು ಕೇಳಿಬಿಟ್ಟಿದ್ದರು. ಐದನೆಯವರು ನನ್ನ ಅಣ್ಣ. ಸ್ನೇಹಿತರು ನನ್ನನ್ನು ಬಾವಿಕಟ್ಟೆಯ ಕಡೆ ಕರೆದು, "ಏನ್ರೀ, ನಾಳೆ ಬೆಳಗ್ಗೆಯೇ ಒಂದು ಬಸ್ಸು ಇದೆಯೇ?" ಎಂದರು.

ಅವರಿಗೆ ನಾನು ಅರ್ಥ ಹೇಳಬೇಕಾಯಿತು. ಸ್ವಾಮಿ, ಇದು ಕಳುಹಿಸುವ ಪ್ರಶ್ನೆಯಲ್ಲ, ಇರಿಸಿಕೊಳ್ಳುವ ಪ್ರಶ್ನೆ. ನೀವು ಎಷ್ಟು ದಿನ ಇರುತ್ತೀರಿ ಎಂದು ತಿಳಿದರೆ ಹಾಲು ಎಷ್ಟು ಹೆಪ್ಪು ಹಾಕಬೇಕು, ಯಾವ ಹಲಸಿನ ಹಣ್ಣನ್ನು ಇಂದು ಕೊಯ್ಯಬೇಕು, ಯಾವುದನ್ನು ಎರಡು ದಿನ ಮರದಲ್ಲೇ ಬಿಡಬೇಕು ಎಂಬುದು ತೀರ್ಮಾನವಾಗುತ್ತದೆ. ನೀವು ಬುಧವಾರ ಎಂದರೆ, "ಎಂತ ಅಷ್ಟು ಬೇಗ? ಶುಕ್ರವಾರ ಹೋದರಾಯಿತು" ಎನ್ನುವುದಕ್ಕೂ ಒಂದು ಆಧಾರ ಬೇಕಷ್ಟೆ. ಸ್ನೇಹಿತರು ಬುಧವಾರ ಹೊರಡುವವರು ಭಾನುವಾರ ಹೊರಟರು.

ನಮ್ಮ ಮನೆಯ ವಿಳಾಸ ಹೇಳುವುದೂ ಒಂದು ಫಜೀತಿಯೇ. ಎಡಮಂಗಲದ ಆಸುಪಾಸಿನಲ್ಲಿ ರೈಲು ಹಳಿ ದಾಟಿ, ತೋಡಿಗೆ ಹಾಕಿದ ಅಡಕೆ ಮರದ ಸಂಕ ದಾಟಿ ಹೋಗಬೇಕು. ಅಜ್ಜನ ಕಾಲಕ್ಕೆ ಅದು ಮದರಾಸು ಪ್ರಾಂತದ ಪುತ್ತೂರು ತಾಲೂಕು. 1956ರಲ್ಲಿ ಮೈಸೂರು ರಾಜ್ಯವಾಯಿತು, 1973ರಲ್ಲಿ ಕರ್ನಾಟಕ. ನಡುವೆ ಸುಳ್ಯ ಬೇರೆ ತಾಲೂಕಾದಾಗ ನಾವು ಸುಳ್ಯದವರಾದೆವು. ಈಚೆಗೆ ಪುತ್ತೂರು, ಸುಳ್ಯ ಎರಡರಿಂದಲೂ ಹಳ್ಳಿಗಳನ್ನು ತೆಗೆದು ಕಡಬ ತಾಲೂಕು ಮಾಡಿದ ಮೇಲೆ ಕಡಬದವರು. ಮನೆ ಮಾತ್ರ ಒಂದಂಗುಲವೂ ಸರಿದಿಲ್ಲ. ಮೂರೂ ಪೇಟೆಗಳು ನಮಗೆ ಇನ್ನೂ ಬೇಕು. ಜವಳಿಗೆ, ಜಾತ್ರೆಗೆ ಪುತ್ತೂರು. ಕಾಲೇಜಿಗೆ, ಕಾಸರಗೋಡಿನ ಬಸ್ಸಿಗೆ ಸುಳ್ಯ. ಈಗ ಕಾಗದಪತ್ರಕ್ಕೆ ಕಡಬ.

1979ರಲ್ಲಿ ಹಾಸನದಿಂದ ಮಂಗಳೂರಿಗೆ ರೈಲು ಬಂತು. ಸಕಲೇಶಪುರದಿಂದ ಕೆಳಗೆ ಸುಮಾರು 55 ಕಿಲೋಮೀಟರು ಘಟ್ಟ, 57 ಸುರಂಗಗಳು. ಬೆಂಗಳೂರಿನವರಿಗೆ ಆ ಸುರಂಗಗಳನ್ನು ಎಣಿಸುವುದೇ ಒಂದು ಪ್ರವಾಸ. ನನಗೆ ಆ ರೈಲು ಅತಿಥಿಗಳನ್ನು ತುಂಬಿ ತರುವ ಗಾಡಿಯಾಯಿತು. ನೆಟ್ಟಣದಲ್ಲಿ ಇಳಿಯಿರಿ ಎಂದರೆ ಅಲ್ಲಿ ಬೋರ್ಡು 'ಸುಬ್ರಹ್ಮಣ್ಯ ರೋಡ್'. ಪುತ್ತೂರಿನಲ್ಲಿ ಇಳಿಯಿರಿ ಎಂದರೆ ಬೋರ್ಡು 'ಕಬಕ ಪುತ್ತೂರು'. ಕಬಕ ಎಂಬುದು ಬೇರೆಯೇ ಊರು; ಪುತ್ತೂರೆಂಬ ಇನ್ನೊಂದು ಸ್ಟೇಷನ್ನು ಆಂಧ್ರದಲ್ಲಿ ಉಂಟು. ಹೀಗೆ ಹೆಸರು ನೋಡಿ ಹೆದರಿ ಇಳಿಯದೆ ಮಂಗಳೂರಿನವರೆಗೆ ಹೋಗಿ ಬಂದ ಸ್ನೇಹಿತರೂ ನನಗಿದ್ದಾರೆ.

ಎಪ್ರಿಲ್ ಬಂತೆಂದರೆ ಪುತ್ತೂರು ಮಹಾಲಿಂಗೇಶ್ವರನ ಜಾತ್ರೆ. 10ಕ್ಕೆ ಕೊಡಿ ಏರಿದರೆ 17ರ ರಾತ್ರಿ ಬ್ರಹ್ಮರಥ. ಆ ದಿನದ ಸಿಡಿಮದ್ದಿಗೆ 'ಪುತ್ತೂರ ಬೆಡಿ' ಎಂದೇ ಹೆಸರು. ನಡುವೆ ವಿಷು. ಶಾಲೆಗೆ ರಜೆ. ಅತ್ತೆಯ ಮಕ್ಕಳು, ದೊಡ್ಡಮ್ಮನ ಮಕ್ಕಳು, ಮುಂಬಯಿಯಲ್ಲಿದ್ದ ಮಾವನ ಸಂಸಾರ, ಇವರ ಮೇಲೆ ನನ್ನ ಕಡೆಯಿಂದ ಬೆಂಗಳೂರಿನ ಒಂದೆರಡು ಸಂಸಾರ. ಉಪ್ಪರಿಗೆಯಲ್ಲಿ ಚಾಪೆ ಹಾಸಿದರೆ ಗೋಡೆಯಿಂದ ಗೋಡೆಗೆ ತಲೆಗಳು. ಬೆಳಗ್ಗೆ ಸೇಮಿಗೆ, ಅದಕ್ಕೆ ಬಾಳೆಹಣ್ಣಿನ ರಸಾಯನ. ಮಧ್ಯಾಹ್ನ ಕಾಟುಮಾವಿನ ಹಣ್ಣಿನ ಗೊಜ್ಜು. ಮಳೆಯ ಕಾಲದಲ್ಲಿ ಬಂದವರಿಗೆ ಪತ್ರೊಡೆ, ಉಪ್ಪು ನೀರಿನಲ್ಲಿ ಇಟ್ಟ ಹಲಸಿನ ಸೊಳೆಯ ರೊಟ್ಟಿ. ಹಗಲೆಲ್ಲ ತೋಟ, ಹೊಳೆ. ಪುತ್ತೂರಿಗೆ ಹೋದರೆ ಶಿವರಾಮ ಕಾರಂತರ ಬಾಲವನ ನೋಡದೆ ಬರಬಾರದು. ಸುಬ್ರಹ್ಮಣ್ಯಕ್ಕೆ ಹೋದರೆ ಕುಮಾರಧಾರೆಯಲ್ಲಿ ಮುಳುಗದೆ ಬರಬಾರದು. ಇವು ನಾನು ಮಾಡಿದ ಕಾನೂನುಗಳು.

ಬೆಂಗಳೂರಿನ ಕಚೇರಿಯಲ್ಲಿ ನನಗೆ ಇದರಿಂದ ಬಂದ ಕೀರ್ತಿ ಸಾಮಾನ್ಯದ್ದಲ್ಲ. "ಇವರ ಮನೆಗೆ ಹೋಗಬೇಕು ಮಾರಾಯರೆ, ಆತಿಥ್ಯವೆಂದರೆ ಏನೆಂದು ಗೊತ್ತಾಗುತ್ತದೆ" ಎಂದು ಹೋದವರು ಹೋಗದವರಿಗೆ ಹೇಳುತ್ತಿದ್ದರು. ನಾನು ವಿನಯದಿಂದ ತಲೆ ತಗ್ಗಿಸುತ್ತಿದ್ದೆ. ಆ ಮನೆಯಲ್ಲಿ ನಾನು ಮಾಡುತ್ತಿದ್ದ ಕೆಲಸವೆಂದರೆ ಚಾವಡಿಯಲ್ಲಿ ಕುಳಿತು, "ಇನ್ನೊಂದು ಹಾಕಿಸಿಕೊಳ್ಳಿ, ಸಂಕೋಚ ಬೇಡ" ಎನ್ನುವುದು. ಹಾಕಿಸಿಕೊಳ್ಳುವುದಕ್ಕೆ ಒಳಗಿನಿಂದ ತರುತ್ತಿದ್ದವರು ಅತ್ತಿಗೆ. ಸೇಮಿಗೆ ಒತ್ತುವುದು ಇಬ್ಬರ ಕೆಲಸ, ಒಬ್ಬರು ಮರದ ಹಿಡಿಯ ಮೇಲೆ ಭಾರ ಹಾಕಬೇಕು, ಒಬ್ಬರು ಕೆಳಗೆ ಎಳೆಗಳನ್ನು ಬಾಳೆಲೆಗೆ ಹಿಡಿಯಬೇಕು. ಎಷ್ಟೋ ದಿನ ಅತ್ತಿಗೆ ಒಬ್ಬರೇ ಒತ್ತಿ, ಒಬ್ಬರೇ ಹಿಡಿದದ್ದನ್ನು ನಾನು ಬಲ್ಲೆ. ಬಲ್ಲೆ ಎಂದು ಈಗ ಹೇಳುತ್ತೇನೆ. ಆಗ ಅದು ಕಣ್ಣಿಗೆ ಬಿದ್ದಿತ್ತು, ಅಷ್ಟೆ.

ಅತ್ತಿಗೆಯ ತವರು ಮುಳ್ಳೇರಿಯಾದ ಹತ್ತಿರ. ಹಿಂದೆ ನಮ್ಮದೇ ದಕ್ಷಿಣ ಕನ್ನಡ ಜಿಲ್ಲೆ, 1956ರಿಂದ ಕೇರಳ. ಮನೆಯಿಂದ ಬಸ್ಸು ರಸ್ತೆಗೆ ನಡೆದು, ಸುಳ್ಯಕ್ಕೆ ಹೋಗಿ, ಅಲ್ಲಿ ಕಾಸರಗೋಡಿನ ಬಸ್ಸು ಹಿಡಿದು ಜಾಲ್ಸೂರಿನ ಮೇಲೆ ಹೋಗಬೇಕು. ನಕ್ಷೆಯಲ್ಲಿ ಬೆರಳಗಲ, ಹೋಗಲಿಕ್ಕೆ ಇಡೀ ದಿನ. ಆ ಕಾರಣಕ್ಕೋ, ದನಗಳ ಕಾರಣಕ್ಕೋ, ನಮ್ಮ ಕಾರಣಕ್ಕೋ ಅವರು ಹೋಗುತ್ತಿದ್ದದ್ದು ಕಡಮೆ.

1999ರ ಮೇ ತಿಂಗಳು. ಗೇಜು ಬದಲಿಸುವುದಕ್ಕೆಂದು 1996ರಲ್ಲಿ ರೈಲು ನಿಲ್ಲಿಸಿದ್ದರು. ಹಾಗಾಗಿ ವ್ಯಾನು ಮಾಡಿಕೊಂಡು ಶಿರಾಡಿ ಘಟ್ಟ ಇಳಿದು ನಾವು ಒಂಬತ್ತು ಜನ ಹೋದೆವು. ಮುಂಚೆ ತಿಳಿಸಿರಲಿಲ್ಲ. ಎರಡು ಸಲ ಫೋನು ಮಾಡಿದ್ದೆ. ಮಳೆಗೆ ತಂತಿ ಬಿದ್ದಿತ್ತು, ಹೋಗಲಿಲ್ಲ. ಹೋಗದಿದ್ದರೇನು, ನಮ್ಮ ಮನೆಗೆ ನಾವು ಹೋಗುವುದಕ್ಕೆ ಸಮನ್ಸು ಬೇಕೆ ಎಂದುಕೊಂಡೆ. ಹತ್ತು ಗಂಟೆಗೆ ಅಂಗಳ ಹತ್ತಿದಾಗ ಅತ್ತಿಗೆ ಒಳ್ಳೆಯ ಸೀರೆ ಉಟ್ಟು ಚಾವಡಿಯಲ್ಲಿ ನಿಂತಿದ್ದರು. ಒಂದು ಕ್ಷಣ ನಮ್ಮನ್ನು ನೋಡಿದರು, ತಲೆ ಎಣಿಸಿದರು. "ಬನ್ನಿ ಬಾವ, ಕೈಕಾಲು ತೊಳೆಯಿರಿ. ಬಾಯಾರಿಕೆ ಎಂತ ಆಗಬೇಕು?" ಎಂದು ಬೆಲ್ಲ ನೀರು ತಂದಿಟ್ಟು ಒಳಗೆ ಹೋದರು. ಕಾಲು ಗಂಟೆಯಲ್ಲಿ ಹಳೆಯ ಸೀರೆಯಲ್ಲಿದ್ದರು, ಒಲೆಯ ಮೇಲೆ ಅಕ್ಕಿ ಇತ್ತು.

ಚಾವಡಿಯ ಬಾಗಿಲ ಹಿಂದೆ ಒಂದು ನೀಲಿ ಬಟ್ಟೆಯ ಚೀಲವಿತ್ತು, ಬಾಯಿ ಕಟ್ಟಿತ್ತು. ನಾನು ಅದನ್ನು ನೋಡಿದೆ. ಗಿರಣಿಗೆ ಹೋಗುವ ಚೀಲವಿರಬೇಕು ಎಂದುಕೊಂಡೆ. ಸಂಜೆಗೆ ಅದು ಅಲ್ಲಿರಲಿಲ್ಲ. ಸಂಜೆ ಮಕ್ಕಳಿಗೆ ಅತ್ತಿಗೆ ಮಾಂಬಳ ಕೊಟ್ಟರು. ಮಾವಿನ ರಸವನ್ನು ಚಾಪೆಯ ಮೇಲೆ ಪದರ ಪದರವಾಗಿ ಒಣಗಿಸಿ ಮಾಡುವ ಅದು ಬೆಂಗಳೂರಿನ ಮಕ್ಕಳಿಗೆ ಎಲ್ಲಿ ಸಿಗಬೇಕು? ಒಂದು ಚೂರೂ ಉಳಿಯಲಿಲ್ಲ. "ಈ ವರ್ಷದ್ದು ಭಾರಿ ಲಾಯಕ್ಕಾಗಿದೆ ಅತ್ತಿಗೆ" ಎಂದು ನಾನು ಹೊಗಳಿದೆ. ನಾಲ್ಕು ದಿನ ಇದ್ದು, ಇನ್ನೂ ಎರಡು ದಿನ ನಿಲ್ಲಿ ಎನ್ನಿಸಿಕೊಂಡು, ನಿಂತು, ಹೊರಟೆವು.

ಆ ಚೀಲ ಏನೆಂದು ನನಗೆ ತಿಳಿದದ್ದು ಹತ್ತು ವರ್ಷಗಳ ಮೇಲೆ. ಅಣ್ಣನ ಮಗಳು ಓದುವುದಕ್ಕೆ ಬೆಂಗಳೂರಿಗೆ ಬಂದು ನಮ್ಮಲ್ಲೇ ಇದ್ದಳು. ಒಂದು ರಾತ್ರಿ ಊಟಕ್ಕೆ ಬಂದ ಸ್ನೇಹಿತರ ಮುಂದೆ ನಾನು ಎಂದಿನಂತೆ ನಮ್ಮ ಮನೆಯ ಆತಿಥ್ಯದ ಪುರಾಣ ತೆಗೆದಿದ್ದೆ. ಒಂಬತ್ತು ಜನ ಹೇಳದೆ ಹೋದರೂ ಒಂದು ಗಂಟೆಯಲ್ಲಿ ಎಲೆ ಹಾಕಿದ ಕಥೆ. ಅವರು ಹೋದ ಮೇಲೆ ಹುಡುಗಿ ಪಾತ್ರೆ ಎತ್ತುತ್ತ, "ಅಪ್ಪಚ್ಚಿ, ಆ ದಿನ ಅಮ್ಮ ಅಜ್ಜಿ ಮನೆಗೆ ಹೊರಟದ್ದು ನಿಮಗೆ ಗೊತ್ತುಂಟಾ?" ಎಂದಳು. ನಮ್ಮಲ್ಲಿ ಚಿಕ್ಕಪ್ಪನನ್ನು ಅಪ್ಪಚ್ಚಿ ಎನ್ನುವುದು. ಅವಳ ಅಜ್ಜಿಗೆ ಕಾಯಿಲೆ ಎಂದು ಸುದ್ದಿ ಬಂದಿತ್ತಂತೆ. ಮಗಳನ್ನು ನೋಡಬೇಕೆಂದು ಹೇಳಿ ಕಳುಹಿಸಿದ್ದರಂತೆ. ಹನ್ನೊಂದರ ಬಸ್ಸಿಗೆ ಹೋಗುವುದೆಂದು ಚೀಲ ಕಟ್ಟಿಟ್ಟದ್ದು. ಮಾಂಬಳ ಅಜ್ಜಿಗೆಂದು ಮಾಡಿದ್ದು.

ನಾವು ಹೊರಟ ಮೇಲೆ ಅಣ್ಣನಿಗೆ ಜ್ವರ, ಅದರ ಮೇಲೆ ಮಳೆ ಹಿಡಿದು ತೋಡಿನ ಸಂಕ ಹೋಯಿತು. ಅತ್ತಿಗೆ ತವರಿಗೆ ಹೋದದ್ದು ಆಟಿ ತಿಂಗಳಿನಲ್ಲಿ, ತಾಯಿ ತೀರಿದ ಸುದ್ದಿ ಬಂದ ಮೇಲೆ. ಆಟಿಯಲ್ಲಿ ಹೊಸ ಮದುಮಗಳನ್ನು ತವರಿಗೆ ಕರೆಸಿ, ಕೆಲಸ ಹೇಳದೆ ಕೂರಿಸಿ ಉಣಿಸುವುದು ತುಳುನಾಡಿನ ಪದ್ಧತಿ.

ನಾನು ಅತ್ತಿಗೆಯ ಹತ್ತಿರ ಈ ಮಾತು ಎತ್ತಿಲ್ಲ. ಎತ್ತಿದರೆ ಅವರು "ಅದೆಲ್ಲ ಎಂತಕ್ಕೆ ಈಗ" ಎಂದು ಚಹಾ ಮಾಡಲು ಏಳುತ್ತಾರೆ. ಆಗ ನನಗೆ ಇನ್ನೊಂದು ಲೋಟ ಚಹಾದ ಋಣ ಏರುತ್ತದೆ. ಬದಲಿಗೆ ಅವರನ್ನು ಬೆಂಗಳೂರಿಗೆ ಕರೆಯತೊಡಗಿದೆ. ಎರಡು ವರ್ಷ ಕರೆದೆ. ಹಾಲು ಕರೆಯುವವರು ಯಾರು, ಅಡಕೆ ಹೆಕ್ಕುವವರು ಯಾರು ಎಂದು ಪ್ರಶ್ನೆಗಳು. ಅಂತೂ 2011ರಲ್ಲಿ, ನವರಾತ್ರಿ ಕಳೆದ ಮೇಲೆ, ರಾತ್ರಿಯ ರೈಲಿಗೆ ಅಣ್ಣನೊಡನೆ ಬಂದರು. 2007ರ ಕೊನೆಗೆ ಹೊಸ ಹಳಿಯ ಮೇಲೆ ಪ್ರಯಾಣಿಕರ ಗಾಡಿ ಮತ್ತೆ ಓಡುತ್ತಿತ್ತು. ಜೊತೆಗೆ ಎರಡು ಗೋಣಿ: ತೆಂಗಿನಕಾಯಿ, ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಸೌತೆಕಾಯಿ. ಅತಿಥಿಯಾಗಿ ಬರುವವರು ಉಗ್ರಾಣವನ್ನೇ ಹೊತ್ತು ತಂದಿದ್ದರು.

ಕೆಲಸ ಮುಟ್ಟಬಾರದೆಂದು ನನ್ನ ಹೆಂಡತಿ ಮೊದಲೇ ಆಜ್ಞೆ ಮಾಡಿದ್ದಳು. ಅದು ಸತ್ಕಾರವೆಂದು ನಾವು ತಿಳಿದದ್ದು. ಅತ್ತಿಗೆಗೆ ಅದು ಶಿಕ್ಷೆಯಾಯಿತೆಂದು ಕಾಣುತ್ತದೆ. ಕುರ್ಚಿಯ ಅಂಚಿನಲ್ಲಿ, ಯಾರೋ ಕರೆಯುತ್ತಾರೆ ಎಂಬ ಹಾಗೆ ಕುಳಿತಿರುತ್ತಿದ್ದರು. ಎರಡನೆಯ ದಿನ ಮಧ್ಯಾಹ್ನ ಬಾಲ್ಕನಿಯಿಂದ ರಸ್ತೆ ನೋಡುತ್ತ, "ಇಲ್ಲಿಗೆ ಯಾರೂ ಬರುವುದಿಲ್ಲವಾ ಬಾವ?" ಎಂದರು.

ನಾನು ಫೋನು ಹಿಡಿದು ಕುಳಿತೆ. ಅವರ ಕೈಯಲ್ಲಿ ಇಪ್ಪತ್ತು ವರ್ಷ ಉಂಡವರು ಇದೇ ಬೆಂಗಳೂರಿನಲ್ಲಿ ಎಷ್ಟು ಜನರಿಲ್ಲ! "ಅಯ್ಯೋ, ಬಂದಿದ್ದಾರಾ? ಖಂಡಿತ ಬರುತ್ತೇವೆ, ಬರುವ ಭಾನುವಾರ" ಎಂದರು ಎಲ್ಲರೂ. ಅತ್ತಿಗೆ ಶುಕ್ರವಾರ ಹೊರಡುವವರು. ತಪ್ಪು ಅವರದ್ದೆಂದು ಹೇಳಲಾರೆ. ಬೆಂಗಳೂರಿನಲ್ಲಿ ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಹೋಗುವುದಕ್ಕಿಂತ ಪುತ್ತೂರಿಗೆ ಹೋಗುವುದು ಸುಲಭ. ಬಂದವರು ಮೈಸೂರಿನ ಆ ಸ್ನೇಹಿತರು ಮಾತ್ರ. ನಿವೃತ್ತರಾಗಿ ಮೈಸೂರಿನಲ್ಲೇ ಇದ್ದವರು ಹೆಂಡತಿಯೊಡನೆ ಬಸ್ಸು ಹತ್ತಿ ಗುರುವಾರ ಬಂದರು. ಬಾಗಿಲ ಗಂಟೆಗೆ ಅತ್ತಿಗೆ ನನಗಿಂತ ಮುಂಚೆ ಎದ್ದರು. "ಬಾಯಾರಿಕೆ ಎಂತ ಆಗಬೇಕು?" ಎಂದು ನನ್ನ ಮನೆಯಲ್ಲಿ ನನ್ನ ಅತಿಥಿಗಳನ್ನು ಅವರು ಕೇಳಿದರು. ಹೆಂಡತಿ ತನ್ನ ಆಜ್ಞೆಯನ್ನು ಹಿಂದಕ್ಕೆ ತೆಗೆದುಕೊಂಡಳು. ಆ ಮಧ್ಯಾಹ್ನ ನಮ್ಮ ಅಡಿಗೆಮನೆಯಲ್ಲಿ ಕೇಳಿದಷ್ಟು ನಗೆ ನಾನು ಆ ಮನೆ ಕಟ್ಟಿದ ಮೇಲೆ ಕೇಳಿರಲಿಲ್ಲ.

ಈಗ ನಮ್ಮ ಕಡೆ ಎಷ್ಟೋ ತೋಟದ ಮನೆಗಳು ಹೋಂಸ್ಟೇಗಳಾಗಿವೆ. ಉಪ್ಪರಿಗೆ ಖಾಲಿಯೇ ಇದೆಯಲ್ಲ, ನಾವೂ ಮಾಡಬಾರದೇಕೆ ಎಂದು ಅಣ್ಣನ ಮಗ ಕೇಳಿದ. ಉಪ್ಪರಿಗೆ ಖಾಲಿ ಇರುವುದು ನಿಜ. ಬಂಧುಗಳು ಈಗ ಕಾರಿನಲ್ಲಿ ಬಂದು, ಉಂಡು, ಕೈ ಒಣಗುವ ಮುಂಚೆ ಹೊರಡುತ್ತಾರೆ. ಅತ್ತಿಗೆ ಯೋಚಿಸಿ, "ಮಾಡಬಹುದು. ಆದರೆ ದುಡ್ಡು ಕೊಟ್ಟು ನಿಂತವರಿಗೆ ಇನ್ನೂ ಎರಡು ದಿನ ನಿಲ್ಲಿ ಎಂದು ಹೇಳುವುದು ಹೇಗೆ?" ಎಂದರು. ಆ ಪ್ರಸ್ತಾಪ ಅಲ್ಲಿಗೇ ನಿಂತಿದೆ.

ಕಳೆದ ಎಪ್ರಿಲಿನಲ್ಲಿ ಜಾತ್ರೆಗೆ ನಾನೂ ಹೆಂಡತಿಯೂ ಒಂದು ವಾರ ಮುಂಚೆಯೇ ಹೋದೆವು. ಫೋನು ಮಾಡಿ, ಕೇಳಿ, ಹೋದದ್ದು. ಅತ್ತಿಗೆ ವಿಷುವಿಗೆ ತಮ್ಮನ ಮನೆಗೆ ಹೊರಟರು, ಎಂಟು ದಿನಕ್ಕೆಂದು. ನೀಲಿ ಚೀಲವಲ್ಲ, ಮಗಳು ಕೊಡಿಸಿದ ಚಕ್ರದ ಪೆಟ್ಟಿಗೆ. ಮರುದಿನ ಮೈಸೂರಿನ ಸ್ನೇಹಿತರ ಮೊಮ್ಮಗಳು ಮೂರು ಜನ ಗೆಳತಿಯರೊಡನೆ ಬಂದಿಳಿದಳು. ನಾನು ಠೀವಿಯಿಂದ ಅಂಗಳಕ್ಕೆ ಹೋಗಿ, "ಬನ್ನಿ, ಬಾಯಾರಿಕೆ ಎಂತ ಆಗಬೇಕು?" ಎಂದೆ. ಅವರನ್ನು ಕೂರಿಸಿ ಒಳಗೆ ಬಂದೆ. ನೀರು ಇತ್ತು. ಬೆಲ್ಲ ಸಿಗಲಿಲ್ಲ. ಆ ಮನೆಯಲ್ಲಿ ಹುಟ್ಟಿದವನು ನಾನು. ಮೂರು ಕಪಾಟು, ಎರಡು ಅಟ್ಟ ಹುಡುಕಿದೆ. ಅಣ್ಣನನ್ನು ಕೇಳಿದರೆ ಅವನೂ ನನ್ನ ಮುಖ ನೋಡಿದ. ಕೊನೆಗೆ ಮುಳ್ಳೇರಿಯಾಕ್ಕೆ ಫೋನು ಮಾಡಿದೆ.

"ನೆಲ್ಲಿಕಾಯಿ ಭರಣಿಯ ಹಿಂದೆ ಉಂಟು ಬಾವ. ಎಷ್ಟು ಜನ ಬಂದದ್ದು?" ಎಂದರು. ನಾಲ್ಕು ಎಂದೆ. "ಹಾಲು ಸಾಲದು, ಆಚೆ ಮನೆಗೆ ಹೇಳಿ. ಯಾವಾಗ ಹೋಗುವವರಂತೆ?" ಎಂದರು.

ನೀವು ಯಾವಾಗ ಬರುವುದು ಎಂದು ನಾಲಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ. ಭರಣಿ ಸರಿಸಿ ಬೆಲ್ಲ ತೆಗೆದೆ.